'ಕರೆದ್ರೆ ತಿರುಗ್ತಾನೆ' ಅಂದ ತಕ್ಷಣ ಟಿಕ್ ಹಾಕಬೇಡಿ

ಮಗುವಿಗೆ ಹಿಯರಿಂಗ್ ಏಡ್ ಹಾಕಿದ ಮೇಲೆ ಅದು ಕೇಳಿಸಿಕೊಳ್ಳಲು ಕಲಿಯುತ್ತಿದೆಯಾ ಅಂತ ಗೊತ್ತಾಗುವುದು ಹೇಗೆ? ಒಂದೂವರೆ ವರ್ಷದ ಮಗು ಕ್ಲಿನಿಕ್‌ಗೆ ಬಂದರೆ ಅಳುತ್ತದೆ, ಇಲ್ಲವೇ ನಿದ್ದೆ ಹೋಗುತ್ತದೆ. ಅದರ ಇಡೀ ದಿನ ನೋಡುವವರು ಮನೆಯವರು. ಹಾಗಾಗಿ ಆಡಿಯಾಲಜಿಸ್ಟ್ (ಶ್ರವಣ ತಜ್ಞೆ) ಆದ ನಾನು ಪ್ರತಿ ಸಲ ಅವರನ್ನು ಕೂರಿಸಿಕೊಂಡು ಪ್ರಶ್ನಾವಳಿ ತುಂಬಿಸುತ್ತೇನೆ. ಈಗಷ್ಟೇ ಕೆಲಸಕ್ಕೆ ಸೇರಿದವರಿಗೆ ನನ್ನ ರೀತಿ ಹೇಳುತ್ತೇನೆ.

ನಾನು ಜಾಸ್ತಿ ಬಳಸುವುದು ಲಿಟಲ್ ಇಯರ್ಸ್ ಅನ್ನೋ ಪ್ರಶ್ನಾವಳಿ. ಅದರಲ್ಲಿ 35 ಪ್ರಶ್ನೆ, ಉತ್ತರ ಹೌದು ಅಥವಾ ಇಲ್ಲ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಸಾಲಾಗಿ 6 'ಇಲ್ಲ' ಬಂದರೆ ನಿಲ್ಲಿಸಬಹುದು. ಎಷ್ಟು 'ಹೌದು' ಬಂತೋ ಅಷ್ಟು ಅಂಕ.

ಶುರು ಮಾಡುವ ಮುಂಚೆ ಅಮ್ಮನಿಗೆ ಒಂದು ಮಾತು ಹೇಳಿ: 'ಇದು ನಿಮಗೆ ಇಟ್ಟ ಪರೀಕ್ಷೆ ಅಲ್ಲ.' ಮನೆಯಲ್ಲಿ ಎಲ್ಲರ ಮಾತು ಕೇಳಿ ಸೋತು ಬಂದಿರುತ್ತಾರೆ, 'ಇಲ್ಲ' ಅನ್ನಲು ಬಾಯಿ ಬರುವುದಿಲ್ಲ. ಅಜ್ಜಿ ಬಂದಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿ. ಹಗಲೆಲ್ಲಾ ಮಗು ಅವರ ಜೊತೆಗೇ ಇರುತ್ತದೆ ಅಲ್ವಾ.

ಇನ್ನು ಮುಖ್ಯವಾದದ್ದು. ಹೌದು ಅಂದರೆ, ಹೇಗಾಯ್ತು ಅಂತ ಕೇಳಿ. ಒಬ್ಬ ತಾಯಿ ನನಗೆ ಹೇಳಿದರು, 'ಕರೆದ್ರೆ ತಿರುಗ್ತಾನೆ ಮೇಡಂ.'

'ಕೊನೆಗೆ ಯಾವಾಗ ಕರೆದ್ರಿ?'

'ನಿನ್ನೆ ಸಂಜೆ, ಊಟಕ್ಕೆ.'

'ಅವನು ಎಲ್ಲಿದ್ದ?'

'ಹಾಲ್‌ನಲ್ಲಿ, ಸ್ಟೀಲ್ ಡಬ್ಬ ಇಟ್ಕೊಂಡು ಆಡ್ತಿದ್ದ. ನಾನು ಅಡುಗೆಮನೆ ಬಾಗಿಲಲ್ಲಿದ್ದೆ.' ಸ್ವಲ್ಪ ಸುಮ್ಮನಾದರು. 'ಅವನ ಮುಖ ಬಾಗಿಲ ಕಡೆಗೇ ಇತ್ತು.'

ಅಲ್ಲಿ ನಾನು ಟಿಕ್ ಹಾಕಲಿಲ್ಲ. ಕಿವಿ ಕೇಳದ ಮಗುವಿನ ಕಣ್ಣು ಬಹಳ ಚುರುಕು. ನೆರಳು ಸರಿದರೂ ತಿರುಗುತ್ತದೆ, ಬಾಗಿಲು ಬಡಿದರೆ ನೆಲದ ನಡುಕಕ್ಕೇ ತಿರುಗುತ್ತದೆ. ಅದಕ್ಕೆ ಒಂದು ವಾರದ ಕೆಲಸ ಕೊಟ್ಟೆ. ದಿನಕ್ಕೊಂದು ಸಲ ಹಿಂದಿನಿಂದ, ಮಾಮೂಲಿ ದನಿಯಲ್ಲಿ ಹೆಸರು ಕರೆಯಿರಿ. ಚಪ್ಪಾಳೆ ಬೇಡ, ಕಾಲು ಬಡಿಯುವುದು ಬೇಡ.

ಅಂಕ ನೋಡುವಾಗ ಕೇಳುವ ವಯಸ್ಸನ್ನೂ ಲೆಕ್ಕ ಹಾಕಿ, ಅಂದರೆ ಮೆಷಿನ್ (ಹಿಯರಿಂಗ್ ಏಡ್) ಹಾಕಿದ ದಿನದಿಂದ ಎಷ್ಟು ತಿಂಗಳಾಯಿತು ಅಂತ. ಎರಡು ವರ್ಷದ ಮಗುವಿಗೆ ಮೆಷಿನ್ ಹಾಕಿ 6 ತಿಂಗಳಾಗಿದ್ದರೆ, ಕೇಳುವುದರಲ್ಲಿ ಅದಿನ್ನೂ 6 ತಿಂಗಳ ಕೂಸು. ಇದನ್ನು ಬಿಡಿಸಿ ಹೇಳಿದರೆ ಎಷ್ಟೋ ಅಮ್ಮಂದಿರ ಮುಖ ಹಗುರಾಗುತ್ತದೆ. ದಿನಕ್ಕೆ ಎಷ್ಟು ಗಂಟೆ ಮೆಷಿನ್ ಹಾಕುತ್ತಾರೆ ಅಂತಲೂ ಬರೆದಿಡಿ. ಕೆಲವು ತಿಂಗಳು ಬಿಟ್ಟು ಮತ್ತೆ ಕೇಳಿ. ಅಂಕ ಏರದಿದ್ದರೆ ಮೊದಲು ಬ್ಯಾಟರಿ, ಮೋಲ್ಡ್ (ಕಿವಿಯೊಳಗೆ ಕೂರುವ ಅಚ್ಚು) ನೋಡಿ, ಆಮೇಲೆ ಕಿವಿಯ ಪರೀಕ್ಷೆ ಮತ್ತೆ ಮಾಡಿಸಿ. ಶಬ್ದಕ್ಕೆ ಕಿವಿಯ ನರ, ಮೆದುಳು ಹೇಗೆ ಸ್ಪಂದಿಸುತ್ತವೆ ಅಂತ ಅಳೆಯುವ ಬೇರಾ (BERA) ಪರೀಕ್ಷೆಯ ಜಾಗಕ್ಕೆ ಪ್ರಶ್ನಾವಳಿ ಬರುವುದಿಲ್ಲ.

ಆ ತಾಯಿ ಮುಂದಿನ ವಾರ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಹಾಳೆಯನ್ನೇ ಕಿತ್ತು ತಂದಿದ್ದರು. ಏಳು ದಿನದಲ್ಲಿ ಎರಡು ದಿನಕ್ಕೆ ಕೆಂಪು ಪೆನ್ನಿನ ಸುತ್ತು. ಆ ಎರಡೂ ಸಲ ಟಿವಿ, ಮಿಕ್ಸಿ ಬಂದ್ ಆಗಿದ್ದವಂತೆ.