ಹಡಗು ರಾಟರ್‌ಡ್ಯಾಮ್‌ನಲ್ಲಿ ಬಿಟ್ಟೆವು, ಕಿಂಡರ್‌ಡೈಕ್‌ನಲ್ಲಿ ಹಿಡಿದೆವು

ನದಿ ಕ್ರೂಸ್‌ಗೆ ಹೋದವರಿಗೆ ಈ ಲೆಕ್ಕ ಗೊತ್ತೇ ಇರುತ್ತದೆ. ಟಿಕೆಟ್‌ಗೆ ಕೊಟ್ಟ ದುಡ್ಡು ಒಂದು ಕಡೆ, ಊರೂರಿಗೂ ಮಾರುವ ಟೂರ್‌ನ ದುಡ್ಡು ಇನ್ನೊಂದು ಕಡೆ. ನಮ್ಮ ಹಡಗು ಬೆಳಗ್ಗೆ ಹಾಲೆಂಡಿನ ರಾಟರ್‌ಡ್ಯಾಮ್‌ನಲ್ಲಿ ನಿಂತಿತ್ತು. ಹತ್ತಿರದ ಡೆಲ್ಫ್ಟ್ ಊರು ತೋರಿಸಿಕೊಂಡು ಬರಲು ತಲೆಗೆ 75 ಯೂರೋ ಚಿಲ್ಲರೆ ಕೇಳಿದರು. ಇಬ್ಬರಿಗೆ 150. ನಮ್ಮ ದುಡ್ಡಲ್ಲಿ ಹದಿನೈದು ಸಾವಿರದ ಹತ್ತಿರ, ಅದೂ ಅರ್ಧ ದಿನಕ್ಕೆ, ಒಂದು ಬಸ್ ತುಂಬ ಜನರ ಜೊತೆ. ನಾವು ಅದೇ ಡೆಲ್ಫ್ಟ್ ನೋಡಿ, ಹೊಟ್ಟೆ ತುಂಬ ಊಟ ಮಾಡಿ, ದೋಣಿಯಲ್ಲೂ ಸುತ್ತಿ, ಅದರ ಅರ್ಧದಲ್ಲಿ ಮುಗಿಸಿದೆವು.

ತೊಡಕು ಇದ್ದದ್ದು ಬೇರೆ ಕಡೆ. ಹಡಗು ಮಧ್ಯಾಹ್ನ 1ಕ್ಕೆ ರಾಟರ್‌ಡ್ಯಾಮ್ ಬಿಡುತ್ತಿತ್ತು, ಮೂರು ಗಂಟೆಯ ಹೊತ್ತಿಗೆ ವಿಂಡ್‌ಮಿಲ್‌ಗಳ ಊರಾದ ಕಿಂಡರ್‌ಡೈಕ್‌ನಲ್ಲಿ ನಿಲ್ಲುತ್ತಿತ್ತು, ಸಂಜೆ ಆರಕ್ಕೆ ಅಲ್ಲಿಂದಲೂ ಹೊರಡುತ್ತಿತ್ತು. ಅವರ ಟೂರ್‌ಗೆ ಹೋದವರನ್ನು ಬಸ್ಸೇ ಅಲ್ಲಿಗೆ ತಂದು ಬಿಡುತ್ತದೆ. ನಾವಾಗಿ ಹೋದರೆ? ಪಕ್ಕದ ಕ್ಯಾಬಿನ್‌ನ ಮಲ್ಲೇಶ್ವರದ ದಂಪತಿಗೆ ನಮಗಿಂತ ಜಾಸ್ತಿ ಗಾಬರಿ. "ಸಾರ್, ಹಡಗು ಹೊರಟು ಹೋದ್ರೆ ಏನ್ ಮಾಡ್ತೀರಾ? ಸುಮ್ನೆ ರಿಸ್ಕ್ ಯಾಕೆ?" ಅಂದರು. ರಿಸೆಪ್ಷನ್ ಹುಡುಗಿಯೂ ಹುಬ್ಬೇರಿಸಿದಳು.

ನನ್ನ ಲೆಕ್ಕ ಸರಳ. ಸಮುದ್ರದ ಹಡಗು ತಪ್ಪಿದರೆ ಮುಂದಿನ ದೇಶಕ್ಕೆ ವಿಮಾನ ಹತ್ತಬೇಕು. ನದಿ ಹಡಗು ಹಾಗಲ್ಲ, ಅದು ತೆವಳುತ್ತದೆ. ರಾಟರ್‌ಡ್ಯಾಮ್‌ನಿಂದ ಕಿಂಡರ್‌ಡೈಕ್‌ಗೆ ಹದಿನೈದು ಕಿಲೋಮೀಟರ್ ಆಸುಪಾಸು, ಅದಕ್ಕೇ ಒಂದೂವರೆ ಗಂಟೆ ತಿನ್ನುತ್ತದೆ. ಅದೇ ನದಿಯಲ್ಲಿ ವಾಟರ್‌ಬಸ್ ಅಂತ ಊರಿನವರು ಓಡಾಡುವ ದೋಣಿ ಇದೆ, ಅರ್ಧ ಗಂಟೆ ಸಾಕು. ಅದೂ ಕೈಕೊಟ್ಟರೆ ಮಾರನೆಯ ದಿನದ ನಿಲುಗಡೆ ನೈಮೆಗನ್. ರೈಲಿನಲ್ಲಿ ಎರಡು ಗಂಟೆಯೊಳಗೆ ಮುಟ್ಟಬಹುದು. ಒಂದು ರಾತ್ರಿಯ ಹೋಟೆಲ್ ಖರ್ಚು, ಅಷ್ಟೇ ತಾನೇ?

ಈ ಧೈರ್ಯ ಒಂದೇ ಸಲಕ್ಕೆ ಬಂದದ್ದಲ್ಲ. ಹಿಂದೊಮ್ಮೆ ಇದೇ ರಾಟರ್‌ಡ್ಯಾಮ್‌ನಲ್ಲಿ ಹತ್ತಿರದ್ದನ್ನು ಮೊದಲು ಮುಗಿಸೋಣ ಅಂತ ಮಾರ್ಕ್‌ತಾಲ್ ಅನ್ನುವ ದೊಡ್ಡ ಮಾರುಕಟ್ಟೆ, ಅದರೆದುರಿನ ಹಳದಿ ಕ್ಯೂಬ್ ಮನೆಗಳು ಅಂತ ಸುತ್ತಿ, ಹನ್ನೆರಡಕ್ಕೆ ಡೆಲ್ಫ್ಟ್ ರೈಲು ಹತ್ತಿದ್ದೆವು. ಅಲ್ಲಿ ಇಳಿದಾಗಿನಿಂದ ಕಣ್ಣೆಲ್ಲ ಗಡಿಯಾರದ ಮೇಲೆ. ಊರು ನೋಡಿದ್ದು ಎಲ್ಲಿ? ಅದೂ ಭಾನುವಾರ ಬೇರೆ. ಡೆಲ್ಫ್ಟ್‌ನ ಎರಡೂ ದೊಡ್ಡ ಚರ್ಚುಗಳು ಭಾನುವಾರ ಪ್ರಾರ್ಥನೆಗೆ ಮಾತ್ರ, ಪ್ರವಾಸಿಗಳಿಗೆ ಬಾಗಿಲು ಹಾಕಿರುತ್ತವೆ. ಹೊರಗಿನಿಂದ ಗೋಪುರ ನೋಡಿ ವಾಪಸ್. ಅವತ್ತೇ ಒಂದು ನಿಯಮ ಮಾಡಿಕೊಂಡೆ. ದೂರದ್ದು ಮೊದಲು, ಆಮೇಲೆ ಹಡಗಿನ ಕಡೆಗೇ ಬರುತ್ತಾ ಬರುತ್ತಾ ನೋಡುವುದು. ಆಗ ತಡವಾದರೆ ಹತ್ತಿರದ ಒಂದು ಜಾಗ ಬಿಟ್ಟುಹೋಗುತ್ತದೆ, ಹಡಗಲ್ಲ.

ಇನ್ನು ಕಾರ್ಡ್ ಕಥೆ. ಈಗ ಅಲ್ಲಿ ರೈಲು, ಮೆಟ್ರೋ, ಟ್ರಾಮ್ ಎಲ್ಲಕ್ಕೂ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಟ್ಟಿದರೆ ಸಾಕು, ಟಿಕೆಟ್ ಬೇಡ. ಹೋದ ಸಲ ನನ್ನ ರುಪೇ ಕಾರ್ಡಿಗೆ ಗೇಟ್ ಮಿಸುಕಲಿಲ್ಲ. ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡಿಗೂ ಕೆಂಪು ದೀಪ. ಹಿಂದೆ ಕ್ಯೂ, ಕೈಯಲ್ಲಿ ಬೆವರು. ಈ ಸಲ ಇಬ್ಬರಿಗೂ ಒಂದೊಂದು ವೀಸಾ ಕಾರ್ಡ್. ಬೆಂಗಳೂರಿನಲ್ಲೇ ಆ್ಯಪ್‌ಗೆ ಹೋಗಿ ವಿದೇಶದ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿಕೊಂಡಿದ್ದೆವು. ಎರಡೂ ಬೇರೆ ಬೇರೆ ಸ್ವಿಚ್, ನೆನಪಿರಲಿ. ಒಂದೇ ಕಾರ್ಡಲ್ಲಿ ಇಬ್ಬರು ಹೋಗುವ ಹಾಗಿಲ್ಲ. ಹತ್ತುವಾಗ ಕಾರ್ಡ್ ತಟ್ಟಿ ಇಳಿಯುವಾಗ ಫೋನ್ ತಟ್ಟಿದರೂ ಕೆಟ್ಟಿತು, ಅದು ಎರಡು ಬೇರೆ ಪ್ರಯಾಣ ಅಂತ ಲೆಕ್ಕಕ್ಕೆ ಬರುತ್ತದೆ. ಇಳಿದ ಮೇಲೆ ತಟ್ಟದೆ ಹೋದರೆ ರೈಲಿನಲ್ಲಿ 20 ಯೂರೋ ಹೋಗುತ್ತದೆ.

ಜೂನ್ ತಿಂಗಳ ಗುರುವಾರ. ಎಂಟೂವರೆಗೆಲ್ಲ ಇಳಿದು ಲೂವೆಹಾವನ್‌ನಲ್ಲಿ ಮೆಟ್ರೋ ಹಿಡಿದು ಸೆಂಟ್ರಲ್, ಅಲ್ಲಿಂದ ಕಾಲು ಗಂಟೆಯೊಳಗೆ ಡೆಲ್ಫ್ಟ್. ರೈಲಿಗೆ ಒಬ್ಬರಿಗೆ ನಾಲ್ಕೋ ಐದೋ ಯೂರೋ. ಗುರುವಾರ ಅಲ್ಲಿನ ದೊಡ್ಡ ಚೌಕದಲ್ಲಿ ಸಂತೆ. ನನ್ನವಳು ಚೀಸ್ ಅಂಗಡಿಯ ಮುಂದೆ ನಿಂತವಳು ಜಪ್ಪಯ್ಯ ಅಂದರೂ ಕದಲಲಿಲ್ಲ. ವರ್ಷಗಟ್ಟಲೆ ಇಟ್ಟ ಹಳೇ ಚೀಸ್‌ನಲ್ಲಿ ಹಲ್ಲಿಗೆ ಕರಕರ ಅನ್ನುವ ಹರಳು ಇರುತ್ತದೆ, ಸಕ್ಕರೆಯೂ ಅಲ್ಲ, ಉಪ್ಪೂ ಅಲ್ಲ. ರುಚಿಗೆ ಅಂತ ಕೊಡುವ ತುಂಡುಗಳಲ್ಲೇ ಅವಳ ಎರಡನೇ ತಿಂಡಿ ಆಯಿತು. ಪಕ್ಕಾ ಸಸ್ಯಾಹಾರಿಗಳು ಕೇಳಿ ತಿನ್ನಿ. ಚೀಸ್ ಮಾಡಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ಬಂದದ್ದೂ ಇರುತ್ತದೆ.

ಹೊಸ ಚರ್ಚ್‌ನ ಗೋಪುರಕ್ಕೆ 376 ಮೆಟ್ಟಿಲು. ಮಂಡಿ ನೋವಿನವಳನ್ನು ಕೆಳಗೆ ಕೂರಿಸಿ ನಾನೊಬ್ಬನೇ ಹತ್ತಲು ಮನಸ್ಸಾಗಲಿಲ್ಲ, ಬಿಟ್ಟೆವು. ಒಳಗೆ ಡಚ್ಚರು ರಾಷ್ಟ್ರಪಿತ ಅನ್ನುವ ವಿಲಿಯಮ್‌ನ ಸಮಾಧಿ ಇದೆ. 1584ರಲ್ಲಿ ಇದೇ ಊರಲ್ಲಿ ಗುಂಡೇಟಿಗೆ ಸತ್ತವನು. ಮಲಗಿದ ಅವನ ಅಮೃತಶಿಲೆಯ ಮೂರ್ತಿಯ ಕಾಲ ಬುಡದಲ್ಲಿ ಒಂದು ನಾಯಿ ಇದೆ. ಒಡೆಯ ಹೋದ ಮೇಲೆ ಅನ್ನ ನೀರು ಬಿಟ್ಟು ಸತ್ತಿತಂತೆ. ಹಳೇ ಚರ್ಚ್‌ನ ಗೋಪುರ ಎರಡು ಮೀಟರ್‌ನಷ್ಟು ವಾಲಿದೆ. ಕಾಲುವೆ ಮುಚ್ಚಿದ ಮಣ್ಣಿನ ಮೇಲೆ ಕಟ್ಟಿದರೆ ಇನ್ನೇನಾಗುತ್ತದೆ! ಚಿತ್ರಕಾರ ವರ್ಮೀರ್‌ನನ್ನು ಹೂತಿದ್ದು ಅಲ್ಲೇ, 1675ರಲ್ಲಿ. ನೆಲದ ಮೇಲಿನ ಚಿಕ್ಕ ಕಲ್ಲನ್ನು ಜನ ತುಳಿದುಕೊಂಡೇ ಓಡಾಡುತ್ತಾರೆ. ಎರಡೂ ಚರ್ಚಿಗೆ ಸೇರಿ ಒಬ್ಬರಿಗೆ ಹತ್ತು ಯೂರೋ ಹತ್ತಿರ ಆಯಿತು ಅಂತ ನೆನಪು.

ಹನ್ನೆರಡಕ್ಕೆ ವಾಪಸ್ ರಾಟರ್‌ಡ್ಯಾಮ್. ಊಟ ಮಾತ್ರ ನನ್ನ ಹೆಮ್ಮೆಯ ವಿಷಯ. ಹಡಗಿನ ಸಸ್ಯಾಹಾರ ಅಂದರೆ ದಿನವೂ ಪಾಸ್ತಾ, ಬೇಯಿಸಿದ ಕೋಸು. ಸೆಂಟ್ರಲ್ ಸ್ಟೇಷನ್‌ನಿಂದ ನಡೆದರೆ ವೆಸ್ಟ್ ಕ್ರಾಯ್ಸ್‌ಕಾಡೆ ಅನ್ನುವ ಬೀದಿ ಸಿಗುತ್ತದೆ, ಅಲ್ಲಿ ಹಿಂದೆ ಡಚ್ಚರ ವಸಾಹತಾಗಿದ್ದ, ದಕ್ಷಿಣ ಅಮೆರಿಕದ ಸುರಿನಾಮ್‌ನವರ ರೊಟ್ಟಿ ಅಂಗಡಿಗಳು. 1873ರಿಂದ ಉತ್ತರ ಪ್ರದೇಶ, ಬಿಹಾರದ ಕಡೆಯಿಂದ ಕೂಲಿಗೆ ಸುರಿನಾಮ್‌ಗೆ ಹೋದವರ ಮಕ್ಕಳು ಮೊಮ್ಮಕ್ಕಳು ಆಮೇಲೆ ಹಾಲೆಂಡಿಗೆ ಬಂದರಲ್ಲ, ಅವರದು. ದೊಡ್ಡ ಮೆತ್ತನೆ ರೊಟ್ಟಿ, ಆಲೂಗಡ್ಡೆ ಸಾಗು, ಉದ್ದ ಅಲಸಂದೆ ಕಾಯಿ ಪಲ್ಯ. ಜೊತೆಗೆ ಬಾರಾ. ಉದ್ದಿನ ಹಿಟ್ಟಿಗೆ ಸೊಪ್ಪು ಸೇರಿಸಿ ಕರಿದದ್ದು, ನಡುವೆ ತೂತು. ವಡೆಯೇ ಅನ್ನಿ. ಮೊಟ್ಟೆ ಬೇಡ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಬೇಯಿಸಿದ ಮೊಟ್ಟೆ ಇಟ್ಟುಬಿಡುತ್ತಾರೆ. ಇಬ್ಬರಿಗೂ ಸೇರಿ 25 ಯೂರೋ ಒಳಗೇ. ಅಂಗಡಿಯ ಹೆಸರು ಹೇಳಲ್ಲ, ಈಗಲೇ ಕ್ಯೂ ಜಾಸ್ತಿ.

ಸಮಯ ಇದ್ದರೆ ಮಾಸ್ ನದಿಯ ಕೆಳಗಿನ ಸುರಂಗಕ್ಕೂ ಹೋಗಿ ಬನ್ನಿ. 1942ರಲ್ಲಿ ತೆರೆದದ್ದು. ಕಾರಿಗೆ ಬೇರೆ, ಸೈಕಲ್ಲಿಗೆ ಬೇರೆ, ನಡೆಯುವವರಿಗೆ ಅದರ ಕೆಳಗೆ ಇನ್ನೊಂದು ಕೊಳವೆ. ಇಳಿಯಲು ಮರದ ಎಸ್ಕಲೇಟರ್, ಕಟಕಟ ಅಂತ ಸದ್ದು ಮಾಡುತ್ತದೆ. ಕಾಸು ಖರ್ಚಿಲ್ಲ. ಹೋದ ಸಲ ಬಾಡಿಗೆ ಸೈಕಲ್ಲಿನಲ್ಲಿ ಹೋಗಿದ್ದೆ. ಸುರಂಗ ಚೆನ್ನಾಗಿತ್ತು, ಆಚೆ ದಡದ ಎದುರು ಗಾಳಿಯಲ್ಲಿ ತುಳಿಯುವುದು ಮಾತ್ರ ಸಾಕೋ ಸಾಕು. ಬಾಡಿಗೆ ದಂಡ.

ಒಂದೂ ಮುಕ್ಕಾಲರ ಹೊತ್ತಿಗೆ ಎರಾಸ್ಮಸ್ ಸೇತುವೆಯ ಪಕ್ಕ ವಾಟರ್‌ಬಸ್ ಹತ್ತಿದೆವು. ಕಿಂಡರ್‌ಡೈಕ್‌ಗೆ ನೇರ ದೋಣಿ ವರ್ಷವಿಡೀ ಇರಲ್ಲ, ಇಲ್ಲದ ತಿಂಗಳಲ್ಲಿ ದಾರಿಯಲ್ಲಿ ಇಳಿದು ಚಿಕ್ಕ ದೋಣಿಗೆ ಬದಲಿಸಬೇಕು. ಟೈಮ್ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಅರ್ಧ ದಾರಿಯಲ್ಲಿ ನೋಡುತ್ತೇನೆ, ಮುಂದೆ ನಮ್ಮದೇ ಹಡಗು! ಸರ್ರಂತ ಪಕ್ಕದಲ್ಲೇ ದಾಟಿಕೊಂಡು ಹೋದೆವು. ಮೇಲಿನ ಡೆಕ್ಕಿನಲ್ಲಿ ಮಲ್ಲೇಶ್ವರದವರು ಚಹಾ ಕುಡಿಯುತ್ತಾ ಕೂತಿದ್ದರು. ನನ್ನವಳು ದುಪಟ್ಟಾ ಬೀಸಿದ್ದೇ ಬೀಸಿದ್ದು.

ಕಿಂಡರ್‌ಡೈಕ್‌ನಲ್ಲಿ 19 ವಿಂಡ್‌ಮಿಲ್. ಕಾಲುವೆ ಪಕ್ಕದ ದಾರಿಯಲ್ಲಿ ನಡೆಯಲು ಟಿಕೆಟ್ ಬೇಡ, ಒಳಗೆ ಹೋಗಿ ನೋಡಲು ಮಾತ್ರ ಬೇಕು. ಟೂರ್‌ನವರು ಮೊದಲ ಮಿಲ್‌ಗಳ ಹತ್ತಿರವೇ ಗುಂಪು ಕಟ್ಟುತ್ತಾರೆ, ಇನ್ನೂ ಮುಂದೆ ನಡೆಯಿರಿ. ಒಂದು ಸಾಲು 1738ರ ಇಟ್ಟಿಗೆಯ ದುಂಡು ಮಿಲ್‌ಗಳು, ಎದುರು ಸಾಲು 1740ರದು, ಮೈಗೆಲ್ಲ ಹುಲ್ಲಿನ ಹೊದಿಕೆ. ರೆಕ್ಕೆಯ ತುದಿ ನೆಲದಿಂದ ಒಂದಡಿ ಎತ್ತರದಲ್ಲಿ ಸುಯ್ ಅಂತ ಹಾದು ಹೋಗುತ್ತದೆ, ಅದಕ್ಕೇ ಸುತ್ತ ಬೇಲಿ. ಹಲವು ಮಿಲ್‌ಗಳಲ್ಲಿ ಈಗಲೂ ಸಂಸಾರಗಳಿವೆ, ಬಟ್ಟೆ ಒಣಗಿಹಾಕಿದ್ದು ಕಾಣುತ್ತದೆ.

ಎರಡು ಕೆಲಸ ಮಾತ್ರ ಮರೆಯಬೇಡಿ. ಬೆಳಗ್ಗೆ ಇಳಿಯುವಾಗ "ಇಲ್ಲಿಗೆ ವಾಪಸ್ ಬರಲ್ಲ, ಮುಂದಿನ ಕಟ್ಟೆಯಲ್ಲಿ ಹತ್ತುತ್ತೇವೆ" ಅಂತ ರಿಸೆಪ್ಷನ್‌ನಲ್ಲಿ ಬರೆಸಿ. ಇಲ್ಲದಿದ್ದರೆ ಹೊರಡುವ ಹೊತ್ತಿಗೆ ನಿಮ್ಮನ್ನು ಹುಡುಕುತ್ತಾರೆ. ಪಾಸ್‌ಪೋರ್ಟ್ ಅವರು ಇಟ್ಟುಕೊಂಡಿದ್ದರೆ ಅವತ್ತಿನ ಮಟ್ಟಿಗೆ ಇಸಿದುಕೊಳ್ಳಿ. ಹಡಗು ನಿಲ್ಲುವ ಕಟ್ಟೆ ಕೊನೇ ಗಳಿಗೆಯಲ್ಲಿ ಬದಲಾದರೆ ನನಗೆ ಹೇಗೆ ಗೊತ್ತಾಗುತ್ತದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಚರ್ಚು, ರೈಲು, ದೋಣಿ, ಊಟ, ಸ್ಟೇಷನ್ನಿನ ದುಡ್ಡಿನ ಟಾಯ್ಲೆಟ್ ಎಲ್ಲ ಸೇರಿ ಇಬ್ಬರಿಗೆ 75 ಯೂರೋ ಆಯಿತು ಅಂದುಕೊಳ್ಳಿ. ತಟ್ಟಿದ ಪ್ರಯಾಣದ ದುಡ್ಡು ದಿನದ ಲೆಕ್ಕದಲ್ಲಿ ಒಟ್ಟಿಗೆ ಕಟ್ ಆಗುತ್ತದೆ, ಮಾರನೆಯ ದಿನ ಮೆಸೇಜ್ ಬಂದಾಗ ಗಾಬರಿ ಬೇಡ. ಮುಂದಿನ ಸಲ ಹೋರ್ನ್‌ನಲ್ಲಿ ಇಳಿದು ಎಂಕ್‌ಹೌಜನ್‌ನಲ್ಲಿ ಹತ್ತುವ ಆಸೆ ಇದೆ, ಎರಡೂ ಊರಿಗೆ ಒಂದೇ ರೈಲು ದಾರಿ, ನಡುವೆ ಅರ್ಧ ಗಂಟೆಯೂ ಇಲ್ಲ. ಅದಾದ ಮೇಲೆ ಬರೆಯುತ್ತೇನೆ.