ಆಮ್ಲಜನಕವಿಲ್ಲದೆ ಟಾಲುಯೀನ್ ತಿನ್ನುವ ಬ್ಯಾಕ್ಟೀರಿಯಾ: ಬಾಟಲಿ ಪ್ರಯೋಗ ಹೂಡುವ ಬಗೆ

ಮುಚ್ಚಿದ ಬಾಟಲಿಯಲ್ಲಿ ಟಾಲುಯೀನ್ (ಪೆಟ್ರೋಲಿನಲ್ಲಿರುವ ಒಂದು ಹೈಡ್ರೋಕಾರ್ಬನ್) ಕಡಿಮೆಯಾಗುವುದನ್ನು ಯಾರು ಬೇಕಾದರೂ ತೋರಿಸಬಹುದು. ಅದು ಬ್ಯಾಕ್ಟೀರಿಯಾದ ಹೊಟ್ಟೆಗೇ ಹೋಯಿತು, ಅದೂ ಆಮ್ಲಜನಕದ ನೆರವಿಲ್ಲದೆ ಎಂದು ತೋರಿಸಬೇಕಾದರೆ ನೈಟ್ರೇಟಿನ ಲೆಕ್ಕ ಬೇಕು. ಥೌಯೆರಾ ಅರೊಮ್ಯಾಟಿಕಾದಂಥ ಬ್ಯಾಕ್ಟೀರಿಯಾ ಆಗ ಉಸಿರಾಡುವುದು ಆಮ್ಲಜನಕದ ಬದಲು ನೈಟ್ರೇಟಿನಿಂದ: ಒಂದು ಮೋಲ್ ಟಾಲುಯೀನ್ ಪೂರ್ತಿ ಇಂಗಾಲದ ಡೈಆಕ್ಸೈಡ್ ಆಗಲು 7.2 ಮೋಲ್ ನೈಟ್ರೇಟ್ ಸಾರಜನಕ ಅನಿಲವಾಗಬೇಕು.

120 ಮಿ.ಲೀ. ಸೀರಂ ಬಾಟಲಿಗೆ 55 ಮಿ.ಲೀ. ಖನಿಜ ದ್ರಾವಣ (10 ಮಿಲಿಮೋಲಾರ್ ಫಾಸ್ಫೇಟ್, ಪಿಎಚ್ 7.2), 30 ಮಿ.ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, ಇಂಧನ ಸೋರಿದ ಜಾಗದ 5 ಗ್ರಾಂ ಹಸಿ ಕೆಸರು ಹಾಕಿ. ಸೂಜಿಯಿಂದ ಶುದ್ಧ ಸಾರಜನಕವನ್ನು ದ್ರವದೊಳಗೆ 20 ನಿಮಿಷ ಹರಿಸಿ, ಟೆಫ್ಲಾನ್ ಹೊದಿಕೆಯ ಬ್ಯುಟೈಲ್ ಬಿರಡೆ ಹಾಕಿ ಅಲ್ಯೂಮಿನಿಯಂ ಮುಚ್ಚಳ ಬಿಗಿಯಿರಿ. ಬರೀ ರಬ್ಬರ್ ಬಿರಡೆ ಟಾಲುಯೀನನ್ನು ಹೀರಿಕೊಳ್ಳುತ್ತದೆ. ಇಷ್ಟಾದ ಮೇಲೆ ಗಾಜಿನ ಸಿರಿಂಜಿನಿಂದ 2 ಮೈಕ್ರೋಲೀಟರ್ ಟಾಲುಯೀನ್ ಚುಚ್ಚಿ. ಮೊದಲೇ ಹಾಕಿದರೆ ಅನಿಲದೊಂದಿಗೆ ಹಾರಿಹೋಗುತ್ತದೆ. ಟಾಲುಯೀನ್ ಕೆಲಸವೆಲ್ಲ ಆವಿ ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲೇ ನಡೆಯಲಿ. ಕತ್ತಲಲ್ಲಿ, 28–30 ಡಿಗ್ರಿಯಲ್ಲಿಡಿ.

ಹೀಗೆ ಮೂರು ಬಾಟಲಿ. ಜೊತೆಗೆ ಟಾಲುಯೀನ್ ಹಾಕದವು ಮೂರು, ನೈಟ್ರೇಟ್ ಹಾಕದವು ಮೂರು, ಮೂರು ದಿನ ದಿನಕ್ಕೊಮ್ಮೆ 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬ್ಯಾಕ್ಟೀರಿಯಾವನ್ನು ಕೊಂದು) ಬಳಿಕ ಟಾಲುಯೀನ್ ಚುಚ್ಚಿದವು ಮೂರು. ಜಾಗ ಸಾಲದೆಂದು ಇವನ್ನು ಬಿಡಬೇಡಿ. ಕೆಸರಿನ ಸಾವಯವ ವಸ್ತುವೂ ನೈಟ್ರೇಟ್ ಕಬಳಿಸುತ್ತದೆ. ಟಾಲುಯೀನಿಲ್ಲದ ಬಾಟಲಿಯ ಖರ್ಚನ್ನು ಕಳೆಯದೆ, ಒಂದು ಮೋಲ್ ಟಾಲುಯೀನಿಗೆ ಎಷ್ಟು ಮೋಲ್ ನೈಟ್ರೇಟ್ ಎಂಬ ಅನುಪಾತಕ್ಕೆ ಅರ್ಥವಿಲ್ಲ.

2 ಮೈಕ್ರೋಲೀಟರ್ ಎಂದರೆ ಸುಮಾರು 19 ಮೈಕ್ರೋಮೋಲ್. ಅದಕ್ಕೆ 135 ಮೈಕ್ರೋಮೋಲ್ ನೈಟ್ರೇಟ್ ಬೇಕು, ಬಾಟಲಿಯಲ್ಲಿ ಸುಮಾರು 300 ಇದೆ. ಒಂದಷ್ಟು ಇಂಗಾಲ ಹೊಸ ಜೀವಕೋಶಗಳಿಗೆ ಹೋಗುವುದರಿಂದ ಅನುಪಾತ 7.2ಕ್ಕಿಂತ ತುಸು ಕೆಳಗೇ ಬರುತ್ತದೆ. ಅದಕ್ಕಿಂತ ಮೇಲೇರಿದರೆ ನೈಟ್ರೈಟ್ (ನೈಟ್ರೇಟ್ ಸಾರಜನಕವಾಗುವ ದಾರಿಯ ನಡುವಿನ ಹಂತ) ಅಳೆಯಿರಿ: ಕ್ರಿಯೆ ಅಲ್ಲೇ ನಿಂತರೆ ಅನುಪಾತ 18ರವರೆಗೂ ಹೋಗಬಹುದು, ಶೇಖರವಾದ ನೈಟ್ರೈಟ್ ಬ್ಯಾಕ್ಟೀರಿಯಾಕ್ಕೇ ವಿಷ. ತೀರಾ ಕಡಿಮೆ ಬಂದರೆ ಒಂದೋ ಸೋರಿಕೆ, ಇಲ್ಲವೇ ಗಾಳಿ. ಆಟೋಕ್ಲೇವ್ ಮಾಡಿದ ಬಾಟಲಿಯಲ್ಲೂ ಟಾಲುಯೀನ್ ಇಳಿದಿದ್ದರೆ ತಪ್ಪು ಬಿರಡೆಯದಿರಬಹುದು. ಇನ್ನು ಗಾಳಿ: ಬರೀ 20 ಮಿ.ಲೀ. ಒಳಹೊಕ್ಕರೂ ಅದರ ಆಮ್ಲಜನಕ ಅಷ್ಟೂ ಟಾಲುಯೀನಿಗೆ ಸಾಕು. ಆದ್ದರಿಂದ ಮಾದರಿ ತೆಗೆಯುವ ಮುನ್ನ ಸಿರಿಂಜನ್ನು ಸಾರಜನಕದಿಂದ ಮೂರು ಸಲ ತೊಳೆದು, ತೆಗೆದಷ್ಟೇ ಸಾರಜನಕ ತುಂಬಿ.

ಇದಕ್ಕಿಂತ ಗಟ್ಟಿ ಸಾಕ್ಷಿ ಬೆಂಜೈಲ್‌ಸಕ್ಸಿನೇಟ್. ಆಮ್ಲಜನಕವಿಲ್ಲದಾಗ ಬ್ಯಾಕ್ಟೀರಿಯಾ ಟಾಲುಯೀನಿನ ಮೀಥೈಲ್ ತುದಿಯನ್ನು ಜೀವಕೋಶದಲ್ಲೇ ಇರುವ ಫ್ಯೂಮರೇಟ್ ಎಂಬ ಸಣ್ಣ ಅಣುವಿಗೆ ಜೋಡಿಸಿ ಇದನ್ನು ಕಟ್ಟುತ್ತದೆ. ಹೀಗೆ ಜೋಡಿಸುವ ಕಿಣ್ವದಲ್ಲಿರುವ, ಒಂಟಿ ಎಲೆಕ್ಟ್ರಾನಿನ ಗ್ಲೈಸಿಲ್ ರ‍್ಯಾಡಿಕಲ್ ಆಮ್ಲಜನಕ ತಾಗಿದರೆ ಮುರಿಯುತ್ತದೆ. ಹುಟ್ಟಿದ ಬೆಂಜೈಲ್‌ಸಕ್ಸಿನೇಟ್ ಬೇಗ ಮುಂದಕ್ಕೆ ಬೆಂಜಾಯ್ಲ್-ಕೋಎ ಎಂಬ ಮುಂದಿನ ಸಂಯುಕ್ತ ಆಗಿಬಿಡುವುದರಿಂದ, ಟಾಲುಯೀನ್ ಅರ್ಧ ಇಳಿದಾಗಲೇ ಮಾದರಿ ತೆಗೆದು, ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡಿ.