ಸಬ್‌ಸೆಂಟರ್‌ನಲ್ಲಿ ಬಿಪಿ, ಶುಗರ್‌ನವರನ್ನು ಕೈಬಿಡದೆ ನೋಡಿಕೊಳ್ಳೋದು ಹೇಗೆ?

ಬಿಎಸ್ಸಿ ನರ್ಸಿಂಗ್ ಮುಗಿಸಿ ಮಂಡ್ಯ ಸೀಮೆಯ ಒಂದು ಆರೋಗ್ಯ ಉಪಕೇಂದ್ರಕ್ಕೆ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಆಗಿ ಬಂದು ಐದು ವರ್ಷ ಆಯ್ತು. ಬೋರ್ಡಿನಲ್ಲಿ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತಿದೆ, ಊರವರಿಗೆ ಇವತ್ತಿಗೂ ಅದು ‘ನರ್ಸಮ್ಮನ ಮನೆ’. ಸುಮಾರು 5000 ಜನ, ಐವರು ಆಶಾಗಳು, ಒಬ್ಬರು ಎಎನ್‌ಎಂ (ಕಿರಿಯ ಆರೋಗ್ಯ ಸಹಾಯಕಿ). ಡಾಕ್ಟ್ರು ಇರೋದು ಏಳು ಕಿಲೋಮೀಟರ್ ಆಚೆ, ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ). ಹೊಸದಾಗಿ ಸೇರಿದ ಹುಡುಗೀರು ಫೋನ್ ಮಾಡಿ “ಅಕ್ಕಾ, ಎಲ್ಲಿಂದ ಶುರು ಮಾಡ್ಲಿ?” ಅಂತಾರೆ.

ಒಂದು ಉದ್ದದ ನೋಟ್‌ಬುಕ್ಕಿಂದ ಶುರು ಮಾಡಿ. ಪೋರ್ಟಲ್ ಎಂಟ್ರಿ ಹೇಗಿದ್ದರೂ ಮಾಡಲೇಬೇಕು, ಅದು ಮೇಲಿನವರಿಗೆ. ಈ ಪುಸ್ತಕ ನಿಮಗೆ. ಬಿಪಿ, ಶುಗರ್ ಇರುವವರ ಹೆಸರನ್ನು ಬೀದಿವಾರು ಬರೆದು, ಪಕ್ಕದಲ್ಲಿ ಮಾತ್ರೆ ಮುಗಿಯುವ ತಾರೀಖು, ಮನೇಲಿ ಫೋನ್ ಎತ್ತೋರು ಯಾರು ಅನ್ನೋದನ್ನ ಗುರುತು ಹಾಕಿಕೊಳ್ಳಿ. ಪ್ರತಿ ಸೋಮವಾರ ಆ ವಾರ ಮಾತ್ರೆ ಮುಗಿಯೋರ ಹೆಸರನ್ನ ಆಯಾ ಬೀದಿಯ ಆಶಾಗೆ ಕೊಡಿ. ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಎಲ್ಲರೂ ಬರ್ತಾರಲ್ಲ, ನಮ್ಮ ಆಶಾಗಳು ಅಲ್ಲೇ ನಿಂತು ಹೇಳಿಬಿಡ್ತಾರೆ.

30 ದಾಟಿದವರಿಗೆಲ್ಲ ಆಶಾ ಸಿಬ್ಯಾಕ್ ಫಾರ್ಮ್ ತುಂಬಿಸ್ತಾರೆ, ಬಿಪಿ, ಶುಗರ್, ಕ್ಯಾನ್ಸರ್‌ನಂಥ ಕಾಯಿಲೆಯ ಅಪಾಯ ಯಾರಿಗೆ ಜಾಸ್ತಿ ಅಂತ ಅಂಕ ಹಾಕಿ ನೋಡೋ ಪ್ರಶ್ನೆಪಟ್ಟಿ ಅದು. ಅಂಕ 4ಕ್ಕಿಂತ ಜಾಸ್ತಿ ಇದ್ದವರನ್ನ ಮೊದಲು ಕರೆಸಿ. ಎಲೆ-ಅಡಿಕೆ, ಹೊಗೆಸೊಪ್ಪು ಹಾಕೋರ ಬಾಯಿ ನೋಡೋದನ್ನ ಮರೀಬೇಡಿ. ಬಿಳಿ ಮಚ್ಚೆ ಇದ್ದರೆ, ಬಾಯಿಗೆ ಮೂರು ಬೆರಳು ಹಿಡಿಸದಿದ್ದರೆ, ಅವತ್ತೇ ಚೀಟಿ ಬರೆದು ಕಳಿಸಿ.

ಬಿಪಿ ನೋಡೋದರಲ್ಲಿ ಮಾತ್ರ ಅವಸರ ಬೇಡ. ಗದ್ದೆಯಿಂದ ನೇರ ನಡೆದು ಬಂದಿರ್ತಾರೆ. ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ, ಎರಡೂ ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ಕಫ್ (ಬಿಪಿ ಮೆಷಿನ್ ಪಟ್ಟಿ) ಬರೀ ತೋಳಿಗೇ ಸುತ್ತಬೇಕು, ರವಿಕೆ ತೋಳಿನ ಮೇಲಲ್ಲ. ಕಾಫಿ, ಬೀಡಿ ಆಗಿ ಅರ್ಧ ಗಂಟೆ ಕಳೆದಿರಲಿ. ನಮ್ಮೋರಿಗೆ ಸುಮ್ಮನೆ ಕೂತ್ಕೊಳ್ಳೋದೇ ಕಷ್ಟ, ಕಫ್ ಬಿಗೀತಿದ್ದ ಹಾಗೇ ಸೊಸೆ ವಿಷಯ ತೆಗೀತಾರೆ! “ಅಮ್ಮ, ಒಂದ್ನಿಮಿಷ, ಆಮೇಲೆ ಕೇಳ್ತೀನಿ” ಅನ್ನಿ. ಆಮೇಲೆ ಕೇಳಿ ಕೂಡ. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸ್ವಲ್ಪ ಬಿಟ್ಟು ಮತ್ತೆ ನೋಡಿ.

ಮಾತ್ರೆ ಕೊಡ್ತಾನೇ ಇದೀವಿ, ಆದರೂ ಬಿಪಿ ಇಳೀತಿಲ್ಲ ಅಂದರೆ ಬೈಬೇಡಿ, ಮನೆಗೆ ಹೋಗಿ. ಒಬ್ಬ ಅಜ್ಜಿಗೆ ಮೂರು ತಿಂಗಳು 170ರ ಮೇಲೇ ಬರ್ತಿತ್ತು. ಕೇಳಿದರೆ “ನುಂಗ್ತಾ ಇವ್ನಿ ಕನವ್ವ” ಅನ್ನೋಳು. ಹೋಗಿ ನೋಡಿದರೆ ಹಳೇ ಹಾರ್ಲಿಕ್ಸ್ ಡಬ್ಬೀಲಿ ಆಮ್ಲೋಡಿಪಿನ್ ಸ್ಟ್ರಿಪ್‌ಗಳು ಹಾಗೇ ಇದ್ದವು, ಒಂದೊಂದರಲ್ಲಿ ಎರಡೋ ಮೂರೋ ಖಾಲಿ. ಕಾಲು ಊದಿಕೊಂಡಿದ್ದಕ್ಕೆ ನಿಲ್ಲಿಸಿದ್ದಳಂತೆ. ಆ ಮಾತ್ರೆಗೆ ಕೆಲವರಿಗೆ ಪಾದ ಊದುತ್ತೆ, ಅದನ್ನ ಮೊದಲೇ ಹೇಳಿರಲಿಲ್ಲ, ತಪ್ಪು ನಂದೇ. ಅಲ್ಲಿಂದಲೇ ಇ-ಸಂಜೀವಿನಿಯಲ್ಲಿ (ದೂರದಿಂದಲೇ ಡಾಕ್ಟ್ರ ಸಲಹೆ ಸಿಗೋ ಸರ್ಕಾರಿ ಸೇವೆ) ಡಾಕ್ಟ್ರ ಹತ್ತಿರ ಮಾತಾಡಿಸಿದೆ, ಜಗಲಿಯ ಒಂದೇ ಮೂಲೇಲಿ ಸಿಗ್ನಲ್ ಸಿಕ್ಕಿತ್ತು. ಅವರು ಮಾತ್ರೆ ಬದಲಾಯಿಸಿದರು. ಅಂದಿನಿಂದ ಎಲ್ಲರಿಗೂ ಖಾಲಿ ಸ್ಟ್ರಿಪ್ ತಂದು ತೋರಿಸಿ ಅಂತೀನಿ.

ಊಟದ ವಿಷಯಕ್ಕೆ ಬಂದರೆ “ಅನ್ನ ಬಿಟ್ಟಿದೀನಿ, ಮುದ್ದೆ ಅಷ್ಟೇ” ಅಂತ ಹೆಮ್ಮೆಯಿಂದ ಹೇಳ್ತಾರೆ. ಎಷ್ಟು ಗಾತ್ರದ್ದು ಅಂತ ಕೈಯಲ್ಲೇ ತೋರಿಸೋಕೆ ಹೇಳಿ. ರಾಗಿಯೂ ಶುಗರ್ ಏರಿಸುತ್ತೆ. ಮುದ್ದೆ ಬಿಡಿ ಅಂದರೆ ಯಾರೂ ಕೇಳಲ್ಲ, ಚಿಕ್ಕದು ಮಾಡಿ, ಸೊಪ್ಪು-ಕಾಳು ಜಾಸ್ತಿ ಮಾಡಿ ಅಂದರೆ ಕೇಳ್ತಾರೆ.

ದೊಡ್ಡಾಸ್ಪತ್ರೆಗೆ ಕಳಿಸುವಾಗ ಬರೀ ಚೀಟಿ ಕೊಟ್ಟು ಕೈತೊಳ್ಕೋಬೇಡಿ. ಒಬ್ಬರನ್ನ ಹಾಗೆ ಕಳಿಸಿದೆ. ಅವತ್ತು ಅಲ್ಲಿ ಫಿಜಿಶಿಯನ್ ರಜ, ಕೂಲಿ ಬಿಟ್ಟು ಹೋದ ಮನುಷ್ಯ ಸಂಜೆವರೆಗೆ ಕಾದು ವಾಪಸ್ ಬಂದ, ಮತ್ತೆ ನಾಲ್ಕು ತಿಂಗಳು ನನ್ನ ಕಡೆ ತಲೆ ಹಾಕಲಿಲ್ಲ. ಈಗ ಯಾವ ದಿನ ಯಾರು ಸಿಗ್ತಾರೆ ಅನ್ನೋದು ಗೋಡೆಗೆ ಅಂಟಿಸಿದೀನಿ, ಕಳಿಸೋಕೆ ಮುಂಚೆ ಫೋನ್ ಮಾಡ್ತೀನಿ, ಮಾರನೇ ದಿನ ಅವರ ಮನೆಗೂ ಮಾಡ್ತೀನಿ.

ಗುರುವಾರ ಮಾತ್ರ ಇದ್ಯಾವುದನ್ನೂ ಇಟ್ಕೋಬೇಡಿ. ಅದು ಲಸಿಕೆ ದಿನ. ಅಷ್ಟು ಮಕ್ಕಳ ಅಳುವಿನ ಮಧ್ಯೆ ಯಾರ ಬಿಪಿಯೂ ಸರಿಯಾಗಿ ಬರಲ್ಲ, ನಂದೂ ಸೇರಿಸಿ.